ಬಲಗಾಲಿನ ನಂಬಿಕೆ

ಮನುಷ್ಯನ ನಂಬಿಕೆ ಅವನ ಬಲಗಾಲಿನಲ್ಲಿರುತ್ತದೆ ಎಂದು ಹೇಳುತ್ತಿದ್ದವರು ನಮ್ಮ ಬ್ರೇಕ್ ಅಂಕಲ್. ಎದೆಯಲ್ಲಿ ಅಲ್ಲ, ತಲೆಯಲ್ಲಂತೂ ಅಲ್ಲವೇ ಅಲ್ಲ. ಈ ಮಾತನ್ನು ನಾನು ಮೊದಲ ಸಲ ಡೈರಿಯಲ್ಲಿ ಬರೆದುಕೊಂಡದ್ದು ಅಮೆರಿಕದ ಮಿಶಿಗನ್ ರಾಜ್ಯದ ಲಿವೋನಿಯಾಕ್ಕೆ ಬಂದ ಎರಡನೆಯ ಶನಿವಾರ. ಪಕ್ಕದಲ್ಲಿ ‘ಅರ್ಥವಾಗಲಿಲ್ಲ’ ಎಂದು ಬರೆದಿದ್ದೇನೆ. ಅದರ ಕೆಳಗೆ, ‘ಹೊರಗೆ ಮೂವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಬಸ್ ಇಲ್ಲ, ಡ್ರೈವಿಂಗ್ ಕಲಿಯಲೇಬೇಕು.’

ದಿನದ ಚಳಿ, ಓಡಾಡಿದ ಮೈಲಿ, ಯಾರು ಏನು ಹೇಳಿದರು ಎಂಬುದನ್ನು ಬರೆಯದೆ ಮಲಗಿದರೆ ನನಗೆ ಬಾಗಿಲಿಗೆ ಚಿಲಕ ಹಾಕದೆ ಮಲಗಿದ ಹಾಗಾಗುತ್ತದೆ. ದಾವಣಗೆರೆಯಲ್ಲಿ ಹೈಸ್ಕೂಲಿಗೆ ಹೋಗುವಾಗ ಅಂಟಿಕೊಂಡ ಚಟ. ಅಂಕಲ್ ಅದಕ್ಕೇ ನನಗೆ ಚಿತ್ರಗುಪ್ತಿ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಕಾಫಿಗೆ ಕೆಳಗಿಳಿದು ಬಂದರೆ, “ಏನವಾ ಚಿತ್ರಗುಪ್ತಿ, ನಿನ್ನೆ ನನ್ನ ಖಾತೆದಾಗ ಪಾಪ ಜಾಸ್ತಿ ಆತೋ, ಪುಣ್ಯ ಜಾಸ್ತಿ ಆತೋ?” ಎಂದು ಕೇಳುವರು. ಪಾಪವೇ ಎಂದು ನಾನೆಂದರೆ ಖುಷಿಪಡುವರು.

ಕಳೆದ ಮಾರ್ಚಿನಲ್ಲಿ ಅವರು ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಆಮೇಲೆ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶಗಳಲ್ಲಿ ಅವರು ‘ಮಹಾನ್ ಚಿಂತಕ’ರಾದರು, ‘ಸರಳ ಜೀವಿ’ಯಾದರು. ಒಬ್ಬರು ‘ಋಷಿಸದೃಶ’ ಎಂದೂ ಬರೆದರು. ನಾನು ಮೂರು ವರ್ಷ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಋಷಿಗಳು ಸತ್ಯನಾರಾಯಣ ಪೂಜೆಯ ನಡುವೆ ಎದ್ದುಹೋಗಿ, ಬಂದ ನೆಂಟರ ಕಾರುಗಳ ಟೈರು ಸವೆದಿದೆಯೇ ಎಂದು ಬಗ್ಗಿ ನೋಡುತ್ತಾರೆಂದು ನಾನು ಎಲ್ಲೂ ಕೇಳಿಲ್ಲ. ನಮ್ಮ ಅಂಕಲ್ ನೋಡುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೈರಿನ ಪಟ್ಟೆಯ ಆಳ ಅಳೆಯುವ ಸಣ್ಣ ಕಡ್ಡಿಯೊಂದು ಸದಾ ಇರುತ್ತಿತ್ತು. ಪ್ರಸಾದ ತೆಗೆದುಕೊಂಡು ಹೊರಡುವವರಿಗೆ ಬಾಗಿಲಲ್ಲಿ ಕೈಮುಗಿದು, “ಹಿಂದಿನ ಎಡಗಡೆ ಟೈರು ಈ ಚಳಿಗಾಲ ತಡಿಯೂದಿಲ್ಲ” ಎಂದು ಹರಸಿ ಕಳಿಸುತ್ತಿದ್ದರು.

ಅವರ ಕಸುಬೇ ಅದು. ಲಿವೋನಿಯಾದಲ್ಲಿ ಬ್ರೇಕಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಡೀ ಉದ್ಯೋಗಜೀವನ ಬ್ರೇಕುಗಳನ್ನು ಪರೀಕ್ಷೆ ಮಾಡಿದವರು. ಧಾರವಾಡದವರು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಆಂಟಿಯನ್ನು ಕಂಡು ಮದುವೆಯಾಗಿ, ಅಮೆರಿಕಕ್ಕೆ ಬಂದು, ಇಷ್ಟು ವರ್ಷವಾದರೂ ಇಬ್ಬರೂ ತಂತಮ್ಮ ಊರಿನ ಕನ್ನಡವನ್ನು ಒಂದಿಷ್ಟೂ ಬಿಟ್ಟುಕೊಟ್ಟಿರಲಿಲ್ಲ. ನಾನು ಆ ಮನೆಗೆ ಬಂದಾಗ ಅವರು ನಿವೃತ್ತರಾಗಿ ವರ್ಷಗಳಾಗಿದ್ದವು. ಬ್ರೇಕು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಅವರಾದರೂ ಕಾರನ್ನು ಬಿಡುತ್ತಾರೋ ಇಲ್ಲವೋ ಎಂಬುದೇ ಕೊನೆಯ ಎರಡು ವರ್ಷ ಆ ಮನೆಯ ದೊಡ್ಡ ಪ್ರಶ್ನೆಯಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ಪೇನಿನವನ ವಿಷಯ.

ಸ್ಪೇನಿನವನು ಎಂದರೆ ಸ್ಪೇನ್ ದೇಶದ ಒಬ್ಬ ತತ್ವಜ್ಞಾನಿ. ಅಂಕಲ್ ಅವನನ್ನು ಹೆಸರಿನಿಂದ ಕರೆದದ್ದೇ ಇಲ್ಲ. ಓಣಿಯಾಚೆಯ ಗೆಳೆಯನ ಬಗ್ಗೆ ಹೇಳುವ ಹಾಗೆ “ನಮ್ಮ ಸ್ಪೇನಿನಂವ” ಎನ್ನುತ್ತಿದ್ದರು. ಮೂವತ್ತರ ಪ್ರಾಯದಲ್ಲಿ ಕಂಪನಿ ಇವರನ್ನು ಕೆಲವು ತಿಂಗಳು ಸ್ಪೇನಿನ ಒಂದು ಕಾರ್ಖಾನೆಗೆ ಕಳಿಸಿತ್ತು. ಅಲ್ಲಿ ಇವರಿಗೆ ಸಿಕ್ಕಿದ ಊಟ ಬ್ರೆಡ್ಡು, ಟೊಮೆಟೊ. ಸಿಕ್ಕಿದ ಸಂಗಾತ ಮನೆಯೊಡತಿ ಅಜ್ಜಿ. ಆಕೆಯ ಪಡಸಾಲೆಯ ಗೋಡೆಗಳಲ್ಲಿ ಎದುರುಬದುರಾಗಿ ಇಬ್ಬರು ಯುವಕರ ಫೋಟೊ. ಇಬ್ಬರೂ ಆಕೆಯ ಅಣ್ಣಂದಿರು. ಅಂತರ್ಯುದ್ಧದಲ್ಲಿ ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ ಹೋದವರು, ಇಬ್ಬರೂ ಮನೆಗೆ ಮರಳಲಿಲ್ಲ. ಸ್ಪ್ಯಾನಿಷ್ ಓದುವುದು ರೂಢಿಯಾಗಲಿ ಎಂದು ಆ ಅಜ್ಜಿ ಗಂಡನ ಕಪಾಟಿನಿಂದ ತೆಗೆದುಕೊಟ್ಟ ತೆಳುವಾದ ಪುಸ್ತಕ ಆ ತತ್ವಜ್ಞಾನಿಯದು.

ಅದರಲ್ಲಿನ ಒಂದು ಲೇಖನವನ್ನು ಅಂಕಲ್ ಅಂದಿನಿಂದ ಓದುತ್ತಲೇ ಇದ್ದರು. ಒಂದೇ ಲೇಖನ. ನಿಘಂಟಿನ ರಟ್ಟು ಎರಡು ಸಲ ಕಿತ್ತುಬಂದಿತ್ತು.

“ನಲವತ್ತು ವರ್ಷದಲ್ಲಿ ನಾನು ಮಗಳನ್ನ ಹೆತ್ತು, ಓದ್ಸಿ, ಡಾಕ್ಟರ್ ಮಾಡಿ, ಮದುವೆ ಮಾಡಿ ಕಳಿಸ್ದೆ” ಎಂದು ಆಂಟಿ ಹೇಳುತ್ತಿದ್ದರು. “ಇವರು ಇನ್ನೂ ಹದಿನಾರನೇ ಪೇಜಲ್ಲಿದ್ದಾರೆ.”

ಲೇಖನದಲ್ಲಿ ಏನಿದೆ ಎಂದು ನಾನು ಕೇಳಿದ ದಿನ ಅಂಕಲ್ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ತತ್ವಶಾಸ್ತ್ರವನ್ನು ಅವರು ಕುರ್ಚಿಯಲ್ಲಿ ಕೂತು ಹೇಳಿದವರಲ್ಲ. ತಮ್ಮ ಹಳೆಯ ಬೂದುಬಣ್ಣದ ಕಾರಿನ ಬಾಗಿಲು ತೆಗೆದು ನನ್ನನ್ನು ಒಳಗೆ ಕೂರಿಸಿ ಹೇಳಿದರು:

“ವಿಚಾರ ಅಂದ್ರ ಸ್ಟೇರಿಂಗ್ ಇದ್ದಂಗ. ಕೈಯಾಗ ಹಿಡೀತೀವಿ, ತಿರುಗಸ್ತೀವಿ, ಆ ಕಡೆ ಹೋಗೂಣು ಈ ಕಡೆ ಹೋಗೂಣು ಅಂತ ಜಗಳಾಡ್ತೀವಿ. ನಂಬಿಕಿ ಬ್ರೇಕ್ ಇದ್ದಂಗ. ಅದರ ಮಾತು ಯಾರೂ ಎತ್ತೂದಿಲ್ಲ. ಆದ್ರ ಅದರ ಮ್ಯಾಲೇ ಎಪ್ಪತ್ತು ಮೈಲಿ ಸ್ಪೀಡಿನಾಗ ಹೋಗ್ತೀವಿ. ಇವತ್ತ ಬ್ರೇಕ್ ಹತ್ತತೈತೋ ಇಲ್ಲೋ ಅಂತ ವಿಚಾರ ಮಾಡಿ ಯಾವನರೆ ಕಾರ್ ಚಾಲೂ ಮಾಡ್ಯಾನೇನು?”

ಹಾಗಾದರೆ ಬ್ರೇಕ್ ಕೆಟ್ಟರೆ, ಎಂದು ಕೇಳಿದೆ.

“ಪೆಡಲ್ ಮೆತ್ತಗಾದ ದಿನ ಭೂಮಿ ಜಾರತದ. ಆವಾಗ ತಲಿ ಓಡಸಲಿಕ್ಕೇ ಬೇಕು. ಅದಕ್ಕ ನಮ್ಮ ಸ್ಪೇನಿನಂವ ಹೇಳೂದು, ನಂಬಿಕಿ ತೂತು ಬಿದ್ದಲ್ಲಿ ತ್ಯಾಪಿ ಹಾಕಲಿಕ್ಕೆ ವಿಚಾರ ಬರ್ತಾವ ಅಂತ.”

ಇದರಲ್ಲಿ ಸ್ಪೇನಿನವನು ಹೇಳಿದ್ದೆಷ್ಟು, ಲಿವೋನಿಯಾದ ಬ್ರೇಕ್ ಕಂಪನಿ ಹೇಳಿದ್ದೆಷ್ಟು ಎಂದು ಆಗ ಗೊತ್ತಾಗಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಆ ತತ್ವಜ್ಞಾನಿ ಕಾರು ಓಡಿಸುತ್ತಿದ್ದನೇ ಎಂದು ಒಮ್ಮೆ ಕೇಳಿದ್ದಕ್ಕೆ ಅಂಕಲ್‌ಗೆ ಸ್ವಲ್ಪ ಸಿಟ್ಟೇ ಬಂದಿತ್ತು.

ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಚಳಿಗಾಲವೆಲ್ಲ ಶನಿವಾರ ಬೆಳಿಗ್ಗೆ, ನಮ್ಮ ಬಡಾವಣೆಯ ಖಾಲಿ ರಸ್ತೆಗಳಲ್ಲಿ. ನಾನು ಸ್ಟೇರಿಂಗ್ ಹಿಂದೆ, ಅವರು ಪಕ್ಕದ ಸೀಟಿನಲ್ಲಿ. ಬಾಯಿಯಲ್ಲಿ ಅವರು ಪರಮ ಶಾಂತ. “ಚಲೋ ಹೊಡೀಲಿಕ್ಕತ್ತಿ ತಂಗಿ, ಭಾಳ ಚಲೋ” ಎನ್ನುವರು. ಕೆಳಗೆ ನೋಡಿದರೆ ಅವರ ಬಲಗಾಲು ಅಲ್ಲಿಲ್ಲದ ಒಂದು ಬ್ರೇಕನ್ನು ನೆಲಕ್ಕೆ ಒತ್ತುತ್ತಿರುತ್ತಿತ್ತು. ಪ್ರತಿ ಸ್ಟಾಪ್ ಸೈನಿಗೂ, ಪ್ರತಿ ಅಳಿಲಿಗೂ. ಮೊದಲ ದಿನ ನಾನು ಲೆಕ್ಕ ಹಾಕಿ ನಲವತ್ತಕ್ಕೆ ಬಿಟ್ಟುಬಿಟ್ಟೆ. ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ ಎಂದು ನಾನು ದೂರಿದರೆ, ತಮ್ಮ ಕಾಲನ್ನು ತಾವೇ ಬೇರೆ ಯಾರದೋ ಎಂಬಂತೆ ನೋಡಿ, “ನಾ ಏನ್ ಮಾಡಲಿ? ಬಾಯಿ ನಂದು, ನೀ ಚಲೋ ಹೊಡೀತಿ ಅಂತದ. ಕಾಲು ಕೇಳವಲ್ದು” ಎಂದರು. ‘ಅರ್ಥವಾಗಲಿಲ್ಲ’ ಎಂದು ಬರೆದಿದ್ದ ಮಾತು ನನಗೆ ಅರ್ಥವಾದದ್ದು ಆಗ.

ಏಪ್ರಿಲಿನಲ್ಲಿ ಒಂದು ದಿನ ನಾವು ಮೊದಲ ಸಲ ಹೈವೇಗೆ ಹೋದೆವು. ಟ್ರಕ್ಕುಗಳ ನಡುವೆ ಹೇಗೋ ಸೇರಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಿಂದ ಕರುಂಕುರುಂ ಸದ್ದು. ನೋಡಿದರೆ ಅಂಕಲ್ ಬೂಟು ಕಳಚಿ, ಎರಡೂ ಕಾಲು ಸೀಟಿನ ಮೇಲಿಟ್ಟು, ಚಕ್ಕಂಬಕ್ಕಲ ಹಾಕಿ ಕೂತು, ಆಂಟಿ ಕಟ್ಟಿಕೊಟ್ಟ ಡಬ್ಬಿಯಿಂದ ಅವಲಕ್ಕಿ ಚೂಡಾ ತಿನ್ನುತ್ತಿದ್ದಾರೆ.

“ನಾಳೆ ರೋಡ್ ಟೆಸ್ಟ್‌ಗೆ ಅಪ್ಲೈ ಮಾಡು” ಎಂದರು. “ಕಾಲು ಲೈಸೆನ್ಸ್ ಕೊಟ್ಟದ.”

ನಾನು ಮೊದಲ ಕಾರು ತಂದಾಗ ನಿಂಬೆಹಣ್ಣಿನ ಪ್ರಸಂಗ ನಡೆಯಿತು. ಡ್ರೈವ್‌ವೇಯಲ್ಲಿ ಆಂಟಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಂಕಲ್ ನಾಲ್ಕೂ ಚಕ್ರದ ಕೆಳಗೆ ಬಗ್ಗಿ ಬಗ್ಗಿ ನಿಂಬೆಹಣ್ಣು ಇಟ್ಟರು. ಮನಸ್ಸಿಗೆ ಬಂದ ಕಡೆ ಅಲ್ಲ, ಟೈರಿನ ಪಟ್ಟೆಯ ಸರಿಯಾಗಿ ನಡುಮಧ್ಯಕ್ಕೆ, ಬ್ರೇಕ್ ಪರೀಕ್ಷೆಗೆ ಸಿದ್ಧಮಾಡಿದ ಹಾಗೆ. ಇಂಜಿನಿಯರಾಗಿ ನೀವು ಇದನ್ನು ನಂಬುತ್ತೀರಾ ಎಂದರೆ ಅತ್ತಿತ್ತ ನೋಡಿ, “ಛೆ ಛೆ. ನಿಂಬಿಹಣ್ಣಿಗೂ ಬ್ರೇಕಿಗೂ ಏನ್ ಸಂಬಂಧ? ನಿಮ್ಮ ಆಂಟಿ ಸಮಾಧಾನಕ್ಕ” ಎಂದು ದನಿ ತಗ್ಗಿಸಿ ಹೇಳಿದರು. ಆಮೇಲೂ ಯಾರಾದರೂ ಹೊಸ ಕಾರು ತಂದರೆ ಇವರನ್ನೇ ಕರೆಯುವುದು, ಇವರು ಇದೇ ಮಾತನ್ನು ಹೇಳಿ ನಿಂಬೆಹಣ್ಣಿಡುವುದು ನಡೆದೇ ಇತ್ತು. ಒಂದು ಸಲ ಹಳದಿ ನಿಂಬೆ ಸಿಗದೆ ಯಾರೋ ಹಸಿರುಬಣ್ಣದ್ದು ತಂದಾಗ ಅವರು ಕಾರನ್ನು ಅರ್ಧ ಗಂಟೆ ನಿಲ್ಲಿಸಿ ಅಂಗಡಿಗೆ ಕಳಿಸಿದ್ದರು. ನಂಬದ ಮನುಷ್ಯ ಬಣ್ಣ ಯಾಕೆ ನೋಡಬೇಕು ಎಂದು ನಾನು ಕೇಳಿದ್ದಕ್ಕೆ ಚಿತ್ರಗುಪ್ತಿಯ ಬಾಯಿ ಉದ್ದವಾಯಿತು ಎಂದರು.

ಕನ್ನಡ ಸಂಘದವರಿಗೂ ಒಂದು ಸಲ ಸ್ಪೇನಿನವನ ದರ್ಶನವಾಯಿತು. ಬಾಡಿಗೆಗೆ ಪಡೆದ ಒಂದು ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ. ಮಕ್ಕಳ ಕೋಲಾಟಕ್ಕೂ ಊಟಕ್ಕೂ ನಡುವೆ ಅಂಕಲ್‌ಗೆ ಹನ್ನೆರಡು ನಿಮಿಷದ ಭಾಷಣ. ಗಡಿಯಾರ ನೋಡಿಕೊಳ್ಳುವ ಕೆಲಸ ಸಹಜವಾಗಿಯೇ ನನ್ನದು.

ಮೊದಲ ಐದು ನಿಮಿಷ ಅವರು ಆ ತತ್ವಜ್ಞಾನಿಯ ಕಾಲದ ಬಗ್ಗೆ ಹೇಳಿದರು. ಒಂದು ದಿನ ರಾಜ ದೇಶ ಬಿಟ್ಟು ಹೋದದ್ದು. ಹೊಸ ಗಣರಾಜ್ಯ ಬಂತೆಂದು ಇವನೂ ಎಲ್ಲರ ಜೊತೆ ಹಿಗ್ಗಿದ್ದು, ಬೇಗನೆ ಬೇಸರಗೊಂಡದ್ದು. ಆಮೇಲೆ ಅಣ್ಣತಮ್ಮಂದಿರೇ ಬಂದೂಕು ಹಿಡಿದಾಗ ದೇಶ ಬಿಟ್ಟು, ಕಾಯಿಲೆಯ ಮೈ ಹೊತ್ತು ಊರೂರು ಸುತ್ತಿದ್ದು. ಎರಡೂ ಕಡೆಯವರು ಇವನು ನಮ್ಮವನಲ್ಲ ಎಂದದ್ದು. ಕಾಲ ಕೆಳಗಿನ ನೆಲ ಹೋದವನಿಗೆ ಮಾತ್ರ ತಾನು ಇಷ್ಟು ದಿನ ನೆಲದ ಮೇಲೆ ನಿಂತಿದ್ದೆ ಎಂದು ಗೊತ್ತಾಗುತ್ತದೆ ಎಂದರು. ಅಜ್ಜಿಯ ಗೋಡೆಯ ಎರಡು ಫೋಟೊಗಳ ವಿಷಯ ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. ಸಭಿಕರು ಗಂಭೀರವಾಗಿದ್ದರು. ಹಿಂದಿನ ಸಾಲಿನವರು ಗಂಭೀರವಾಗಿ ಮೊಬೈಲ್ ನೋಡುತ್ತಿದ್ದರು.

ಅದು ಅಂಕಲ್‌ಗೆ ಕಾಣದೆ ಇರಲಿಲ್ಲ. “ಈಗ ನೀವು ಯಾಕ ಕೂತೀರಿ?” ಎಂದು ಕೇಳಿದರು. “ನನ್ನ ಭಾಷಣ ಕೇಳಲಿಕ್ಕೆ? ಸುಳ್ಳು. ಹಿಂದಿನ ಹಾಲ್‌ನ್ಯಾಗ ಬಿಸಿಬೇಳೆ ಭಾತ್ ಅದ ಅಂತ. ಯಾರರೆ ಹೋಗಿ ನೋಡಿ ಬಂದೀರೇನು? ಇಲ್ಲ. ನೋಡದನ ಅದರ ಮ್ಯಾಲೆ ಭಾರ ಹಾಕಿ ಕೂತೀರಿ. ಅದಕ್ಕ ನಂಬಿಕಿ ಅಂತಾನ ನಮ್ಮ ಸ್ಪೇನಿನಂವ.”

ಆ ಸಂಜೆಯ ಮೊದಲ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮುಂಚೆಯೇ ಸಂಘದ ಕಾರ್ಯದರ್ಶಿ ಬಗ್ಗಿಕೊಂಡು ವೇದಿಕೆಗೆ ಬಂದು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಕೇಟರಿಂಗ್‌ನವರು ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ಶಾಲೆಗೆ ಹೋಗಿದ್ದರು, ಇಪ್ಪತ್ತು ಮೈಲಿ ಆಚೆ. ಸುದ್ದಿ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಮೊಬೈಲುಗಳು ಜೇಬಿಗೆ ಹೋದವು. ಅಡ್ರೆಸ್ ಕೊಟ್ಟವರು ಯಾರು ಎಂದು ಒಬ್ಬರು. ಹೋದ ವರ್ಷವೂ ಹೀಗೇ ಆಗಿತ್ತು, ಕಮಿಟಿಯೇ ಬದಲಾಗಬೇಕು ಎಂದು ಇನ್ನೊಬ್ಬರು. ಹುಬ್ಬಳ್ಳಿಯವರ ಕೈಯಲ್ಲಿ ಜೋಳದ ರೊಟ್ಟಿ ಮಾಡಿಸಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು ಮೂರನೆಯವರು. ಅದಕ್ಕೆ ಮೈಸೂರಿನವರು ಕೊಟ್ಟ ಉತ್ತರವನ್ನು ಬರೆಯುವುದಿಲ್ಲ.

ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತ ಅಂಕಲ್‌ರ ಮುಖದಲ್ಲಿ ಅಂಥ ಆನಂದವನ್ನು ನಾನು ಮತ್ತೆ ನೋಡಿಲ್ಲ. “ನೋಡ್ರಿ” ಎಂದರು, “ಐದು ನಿಮಿಷದ ಹಿಂದ ಈ ಹಾಲ್‌ನ್ಯಾಗ ಒಂದೂ ವಿಚಾರ ಇರಲಿಲ್ಲ.”

ಊಟ ಬಂತು, ತಣ್ಣಗಾಗಿತ್ತು. ಸ್ಪೇನಿನವನು ಯಾರಿಗೂ ನೆನಪಿಲ್ಲ. ಬಿಸಿಬೇಳೆ ಭಾತ್ ದಾರಿ ತಪ್ಪಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ಸಾಕು, ಅದೇ ಲೇಖನದ ಸಾರಾಂಶ ಎಂದು ಅಂಕಲ್ ಹೇಳುತ್ತಿದ್ದರು.

ಇನ್ನು ಕಾರಿನ ಕೀ ವಿಷಯ.

ಅವರ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಡಾಕ್ಟರ್. ಅಂಕಲ್ ಮತ್ತು ಆಂಟಿ ತಿಂಗಳಿಗೊಮ್ಮೆ ಲಿವೋನಿಯಾದಿಂದ ಅಲ್ಲಿಗೆ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಸುಮಾರು ಮುನ್ನೂರು ಮೈಲಿ. ಎಪ್ಪತ್ತು ದಾಟಿದ ಮೇಲೆ ಅಂಕಲ್‌ರ ದೃಷ್ಟಿ ಅಂಚಿನಲ್ಲಿ ಮಂಜಾಗತೊಡಗಿತು. ಎಡಗಡೆಯಿಂದ ಬರುವ ಕಾರು ಅವರಿಗೆ ಒಂದು ಕ್ಷಣ ತಡವಾಗಿ ಕಾಣುತ್ತಿತ್ತು. ಮಗಳ ಮನೆಯ ಮುಂದಿನ ಅಂಚೆಪೆಟ್ಟಿಗೆಯನ್ನು ಕೆಡವಿದರು. ಅದನ್ನು ಮತ್ತೆ ನೆಟ್ಟ ಮೇಲೆ ಮತ್ತೆ ಕೆಡವಿದರು. ಮಗಳು ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು ಎತ್ತುತ್ತಿದ್ದಳು. “ಡ್ಯಾಡ್, ಜಸ್ಟ್ ಗಿವ್ ಅಪ್ ದ ಕೀಸ್.” ಅವರು ಕನ್ನಡದಲ್ಲಿ ವಾದಿಸುವರು, ಅವಳು ಇಂಗ್ಲಿಷಿನಲ್ಲಿ ಖಂಡಿಸುವಳು. ಲಿವೋನಿಯಾದಲ್ಲಿ ಕಾರಿಲ್ಲದೆ ಒಂದು ಕಟ್ಟು ಕೊತ್ತಂಬರಿಯೂ ಮನೆಗೆ ಬರುವುದಿಲ್ಲ. ಆಂಟಿ ಡ್ರೈವ್ ಮಾಡುವವರಲ್ಲ. ಕೀ ಕೊಟ್ಟರೆ ಮನೆ ಮಾರಬೇಕು, ಮಗಳ ಮನೆಗೆ ಹೋಗಬೇಕು. ಕೊಡದಿದ್ದರೆ ಏನಾಗಬಹುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂಕಲ್‌ರ ವಾದಗಳು ಭರ್ಜರಿಯಾಗಿದ್ದವು. ತಮ್ಮಷ್ಟು ಬ್ರೇಕ್ ಬಲ್ಲವರು ಈ ಕೌಂಟಿಯಲ್ಲಿ ಯಾರಿದ್ದಾರೆ ಎಂದರು. ಹುಡುಗರು ಫೋನ್ ನೋಡುತ್ತಾ ಓಡಿಸುತ್ತಾರೆ, ಅವರ ಕೀ ಯಾರು ಕಿತ್ತುಕೊಳ್ಳುತ್ತಾರೆ ಎಂದರು. ಅಂಚೆಪೆಟ್ಟಿಗೆಯನ್ನು ನೆಟ್ಟ ಜಾಗವೇ ತಪ್ಪು ಎಂದು ಚಿತ್ರ ಬರೆದು ತೋರಿಸಿದರು. ಒಂದು ದಿನ ಕಾಫಿ ಕುಡಿಯುವಾಗ ನಾನು ತಮಾಷೆಗೆ, ಅಂಕಲ್, ನೀವು ಚೆನ್ನಾಗಿ ಡ್ರೈವ್ ಮಾಡುತ್ತೀರಿ ಎಂಬುದಕ್ಕೆ ಈ ತಿಂಗಳು ಇಷ್ಟೊಂದು ಕಾರಣ ಕೊಟ್ಟಿದ್ದೀರಿ, ಹಿಂದೆ ಒಂದನ್ನೂ ಕೊಡುತ್ತಿರಲಿಲ್ಲ; ನಂಬಿಕೆ ತೂತು ಬಿದ್ದಲ್ಲಿ ತೇಪೆ ಬರುತ್ತದೆ ಎಂದವರು ನೀವೇ ಅಲ್ಲವೇ ಎಂದೆ.

ಅವರು ನಗಲಿಲ್ಲ. ಬಟ್ಟಲು ಕೆಳಗಿಟ್ಟು ಗ್ಯಾರೇಜಿಗೆ ಹೋದರು. ಆ ದಿನ ನನ್ನನ್ನು ಚಿತ್ರಗುಪ್ತಿ ಎಂದು ಕರೆಯಲೂ ಇಲ್ಲ. ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಅದೇ ತಿಂಗಳು ನನಗೆ ಮಗಳ ಊರಿನ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಂದರ್ಶನವಿತ್ತು. ಅಂಕಲ್ ಆಂಟಿ ಹೇಗೂ ಮಗಳ ಮನೆಗೆ ಹೊರಟಿದ್ದರು, ಅವರ ಕಾರಿನಲ್ಲೇ ಹೋದೆ. ಅಂಕಲ್ ಓಡಿಸುತ್ತಿದ್ದರು, ಆಂಟಿ ಅವರ ಪಕ್ಕ, ನಾನು ಹಿಂದೆ. ಓರೆಯಾಗಿ ನೋಡಿದರೆ ನನಗೆ ಆಂಟಿಯ ಕಾಲು ಕಾಣುತ್ತಿತ್ತು. ಮಡಿಲಲ್ಲಿ ಚೂಡಾದ ಡಬ್ಬಿ. ಬಾಯಿಯಲ್ಲಿ ಮೊಮ್ಮಗಳ ಪಿಯಾನೊ ಕ್ಲಾಸಿನ ವಿಷಯ, ಎಳ್ಳಷ್ಟೂ ಗಾಬರಿಯಿಲ್ಲದ ದನಿ. ಆದರೆ ಟ್ರಕ್ಕೊಂದು ಪಕ್ಕಕ್ಕೆ ಬಂದಾಗಲೆಲ್ಲ, ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ನಾನು ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿದೆ.

ಕಲಮಜೂ ಎಂಬ ಊರು ದಾಟಿದ ಮೇಲೆ ಅಂಕಲ್ ಆಂಟಿಯ ಕಾಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಮುಂದಿನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ಆಂಟಿಯ ಕಡೆಯ ಬಾಗಿಲು ತೆಗೆದರು. ಆಂಟಿ ಇಳಿದ ಮೇಲೆ, ನೆಂಟರ ಕಾರಿನ ಟೈರು ನೋಡಲು ಬಗ್ಗುವ ಹಾಗೆ ಬಗ್ಗಿ, ಸೀಟಿನ ಮುಂದಿನ ಮ್ಯಾಟಿನ ಮೇಲೆ ಕೈಯಾಡಿಸಿದರು. ಬಲಗಡೆ ಅಂಗೈಯಗಲ ಜಾಗದಲ್ಲಿ ಮ್ಯಾಟು ಸವೆದು ನುಣುಪಾಗಿತ್ತು. ಬೇರೆಲ್ಲೂ ಸವೆದಿರಲಿಲ್ಲ. ಒಂದು ವಸ್ತು ಎಲ್ಲಿ, ಯಾಕೆ ಸವೆಯುತ್ತದೆ ಎಂದು ನೋಡುತ್ತಲೇ ಬದುಕು ಕಳೆದ ಮನುಷ್ಯ ಅವರು. ಇನ್ನೊಬ್ಬರು ಹೇಳಬೇಕಾಗಿರಲಿಲ್ಲ.

“ಯಾವಾಗಿಂದ?” ಎಂದು ಕೇಳಿದರು.

“ಏನು?” ಎಂದರು ಆಂಟಿ.

“ಕಾಲು.”

ಆಂಟಿ ಚೂಡಾದ ಡಬ್ಬಿಯನ್ನು ಸೀಟಿನ ಮೇಲಿಟ್ಟರು. “ಹೋದ ವರ್ಷದ ದಸರಾದಿಂದ.”

“ಹೇಳಬೇಕಿಲ್ಲೋ?”

“ಹೇಳಿದ್ರೆ ನೀವೇನ್ ಕೇಳ್ತಿದ್ರಾ? ವಾದ ಮಾಡ್ತಿದ್ರಿ.”

ಅಂಕಲ್ ವಾದ ಮಾಡಲಿಲ್ಲ. ಜೇಬಿನಿಂದ ಕೀ ತೆಗೆದು, ಆಂಟಿಗೂ ಕೊಡಲಾಗದೆ ಒಂದು ಕ್ಷಣ ಕೈಯಲ್ಲೇ ಹಿಡಿದು ನಿಂತು, ಆಮೇಲೆ ನನ್ನ ಕೈಗೆ ಹಾಕಿದರು. “ಹೊಡಿ ತಂಗಿ” ಎಂದರು. ಅಷ್ಟೆ. ಮಗಳ ಎರಡು ವರ್ಷದ ಇಂಗ್ಲಿಷ್ ಮಾಡಲಾಗದ್ದನ್ನು ಒಂದು ಮ್ಯಾಟು ಮಾಡಿತ್ತು.

ಉಳಿದ ದಾರಿ ಅವರು ಹಿಂದಿನ ಸೀಟಿನಲ್ಲಿ ಕೂತರು. ಮಿಶಿಗನ್ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಪ್ರತಿ ಸಲ ಅಲ್ಲಿ, “ಒಂದು ತಾಸು ಪುಕ್ಕಟ ಸಿಕ್ತು ನೋಡವಾ” ಎನ್ನುವವರು ಅವತ್ತು ಏನೂ ಹೇಳಲಿಲ್ಲ. ನಿದ್ದೆ ಮಾಡಿದ್ದಾರೇನೋ ಎಂದು ಕನ್ನಡಿಯಲ್ಲಿ ನೋಡಿದೆ. ಎಚ್ಚರವಾಗಿದ್ದರು. ಮುಂದಿದ್ದ ಆಂಟಿಯ ಕಾಲನ್ನೇ ನೋಡುತ್ತಿದ್ದರು. ಆಂಟಿ ಚಪ್ಪಲಿ ಬಿಟ್ಟು ಕಾಲು ಮಡಿಸಿ ಕೂತು ಗೊರಕೆ ಹೊಡೆಯುತ್ತಿದ್ದರು.

ಬೇಸಿಗೆ ಮುಗಿಯುವಷ್ಟರಲ್ಲಿ ಲಿವೋನಿಯಾದ ಮನೆ ಮಾರಾಟವಾಯಿತು. ನನಗೂ ಕೆಲಸ ಸಿಕ್ಕಿ ಡೆಸ್ ಪ್ಲೇನ್ಸ್‌ಗೆ ಬಂದೆ. ಭಾನುವಾರಗಳಲ್ಲಿ ಹೋಗಿ ಇಬ್ಬರನ್ನೂ ದೇವಸ್ಥಾನಕ್ಕೋ ತರಕಾರಿಗೋ ಕರೆದುಕೊಂಡು ಹೋಗುತ್ತಿದ್ದೆ. ಅಂಕಲ್ ಮುಂದಿನ ಸೀಟಿನಲ್ಲಿ ಚಕ್ಕಂಬಕ್ಕಲ ಹಾಕಿ ಕೂರುವರು. ಕೊನೆಯ ಕಾಲದಲ್ಲಿ ಲೇಖನದ ಹದಿನೇಳನೇ ಪುಟಕ್ಕೆ ಬಂದಿದ್ದರು. ಅದರಲ್ಲಿ ಏನಿದೆ ಎಂದು ಕೇಳಿದೆ. ಇಷ್ಟು ದಿನ ಹದಿನಾರನೇ ಪುಟವನ್ನು ತಪ್ಪಾಗಿ ತಿಳಿದಿದ್ದೆ ಅಂತ ಗೊತ್ತಾಯಿತು ಎಂದರು. ಚಳಿಗಾಲ ಮುಗಿಯುವ ಮೊದಲೇ ಅವರ ಹೃದಯ ನಿಂತಿತು. ಅಂತ್ಯಕ್ರಿಯೆಗೆ ಲಿವೋನಿಯಾದಿಂದಲೂ ಜನ ಬಂದಿದ್ದರು. ಹೊರಡುವಾಗ ಪಾರ್ಕಿಂಗ್ ಲಾಟಿನಲ್ಲಿ ಅವರಲ್ಲಿ ಮೂವರು ತಮ್ಮ ತಮ್ಮ ಹಿಂದಿನ ಟೈರು ನೋಡಿಕೊಂಡದ್ದನ್ನು ನಾನು ಕಂಡೆ.

ಮಗಳು ಹಳೆಯ ಕಾರನ್ನು ಮಾರುತ್ತೇನೆಂದರೆ ಆಂಟಿ ಬಿಡಲಿಲ್ಲ. ಕಾರಣ ಹೇಳಲಿಲ್ಲ. ಮೇ ತಿಂಗಳ ಒಂದು ಭಾನುವಾರ ನನಗೆ ಫೋನ್ ಮಾಡಿ, ಆ ಕಾರಿನಲ್ಲೇ ಹತ್ತಿರದ ಶಾಲೆಯ ಖಾಲಿ ಪಾರ್ಕಿಂಗ್ ಲಾಟಿಗೆ ಹೋಗೋಣ ಎಂದರು. ಅಲ್ಲಿ ಹೋದ ಮೇಲೆ, “ಇಳಿ, ಈ ಕಡೆ ಬಾ” ಎಂದು ತಾವು ಸ್ಟೇರಿಂಗ್ ಹಿಂದೆ ಕೂತರು. ಲರ್ನರ್ಸ್ ಪರ್ಮಿಟ್ ಆಗಲೇ ಪರ್ಸಿನಲ್ಲಿತ್ತು. ಮಗಳಿಗೆ ಗೊತ್ತಿಲ್ಲವಂತೆ.

ನಿಂಬೆಹಣ್ಣು ತಂದಿದ್ದೇನೆ ಎಂದು ನಾನು ಚೀಲಕ್ಕೆ ಕೈ ಹಾಕಿದೆ. ಹಳದಿಯದನ್ನೇ ನೋಡಿ ಆರಿಸಿ ತಂದಿದ್ದೆ.

“ಯಾಕೆ? ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲ” ಎಂದರು ಆಂಟಿ. “ಅವರಿಗೆ ಸಮಾಧಾನ ಆಗ್ಲಿ ಅಂತ ತರ್ತಿದ್ದೆ.”

ಇಬ್ಬರೂ ನಂಬದ ನಿಂಬೆಹಣ್ಣಿನ ಮೇಲೆ ಅಷ್ಟು ವರ್ಷ ಎಷ್ಟು ಕಾರುಗಳು ಹಾದುಹೋದವೋ. ನಾನು ನಗುವುದನ್ನು ನೋಡಿ ಆಂಟಿ, ಏನು ಎಂದರು. ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಹಣ್ಣು ಇಸಿದುಕೊಂಡು ಇಳಿದು, ನಾಲ್ಕೂ ಚಕ್ರದ ಕೆಳಗೆ ಒಂದೊಂದು ಇಟ್ಟು ಬಂದರು. ಪಟ್ಟೆಯ ಸರಿಯಾಗಿ ನಡುಮಧ್ಯಕ್ಕೆ.

ಕಾರು ನಿಧಾನವಾಗಿ ಹೊರಟಿತು. ಹಿಂದೆ ಯಾಕೆ ಕಲಿಯಲಿಲ್ಲ ಎಂದು ಕೇಳಿದೆ. ಮಗಳು ಹುಟ್ಟಿದ ವರ್ಷ ಅಂಕಲ್‌ರೇ ಕಲಿಸಿದ್ದರಂತೆ. “ಬಾಯಲ್ಲಿ ಭಾಳ ಚಲೋ, ಭಾಳ ಚಲೋ ಅಂತಿದ್ರು. ಕಾಲು ಒತ್ತೋದು ಮಾತ್ರ ನಿಲ್ಲಿಸ್ಲೇ ಇಲ್ಲ. ಎರಡು ತಿಂಗಳು ನೋಡ್ದೆ. ಆಮೇಲೆ ಕೀ ವಾಪಸ್ ಕೊಟ್ಟೆ” ಎಂದರು. ದೂರುವ ದನಿಯಲ್ಲ. ಹಳೆಯ ನೆರೆಯವರೊಬ್ಬರ ವಿಷಯ ಹೇಳುವ ಹಾಗೆ ಹೇಳಿದರು.

ಲಾಟಿನ ಕೊನೆಯಲ್ಲಿ ದೀಪದ ಕಂಬವೊಂದಿತ್ತು. ಅದು ಹತ್ತಿರ ಬರುತ್ತಿತ್ತು.

“ಚೆನ್ನಾಗಿ ಓಡಿಸ್ತಿದೀರಾ ಆಂಟಿ” ಎಂದೆ. “ನಂಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ.”

“ಕಾಲು ತೆಗಿ” ಎಂದರು ಆಂಟಿ, ರಸ್ತೆಯಿಂದ ಕಣ್ಣು ತೆಗೆಯದೆ.

ಕೆಳಗೆ ನೋಡಿದೆ. ನನ್ನ ಬಲಗಾಲು ಮ್ಯಾಟಿನ ಆ ಸವೆದ ಜಾಗದಲ್ಲೇ ಇತ್ತು, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಆಂಟಿ ಕಂಬಕ್ಕೆ ಬಹಳ ಮುಂಚೆಯೇ, ಮೆತ್ತಗೆ, ಬ್ರೇಕ್ ಒತ್ತಿ ಕಾರನ್ನು ಬಲಕ್ಕೆ ತಿರುಗಿಸಿದರು. ನಾನು ಬೂಟು ಕಳಚಿ ಎರಡೂ ಕಾಲನ್ನು ಸೀಟಿನ ಮೇಲಿಟ್ಟು ಚಕ್ಕಂಬಕ್ಕಲ ಹಾಕಿ ಕೂತೆ. ಕಷ್ಟವೇ ಆಯಿತು, ಆದರೂ ಕೂತೆ. ಆಂಟಿ ಒಂದು ಸಲ ಓರೆಗಣ್ಣಿನಲ್ಲಿ ನೋಡಿದರು. ಎಡಗಡೆಯ ಇಂಡಿಕೇಟರ್ ಹಾಕಿ, ಲಾಟಿನ ಗೇಟು ದಾಟಿ ನಿಜವಾದ ರಸ್ತೆಗೆ ಇಳಿದರು.

“ಚೂಡಾ ಡಬ್ಬಿ ಹಿಂದಿನ ಸೀಟಲ್ಲಿದೆ” ಎಂದರು. “ತಗೊಂಡು ತಿನ್ನು.”